ಪೆಟ್ಟಿಗೆ ಬಿಚ್ಚದ ಯಂತ್ರ

ಮಾನ್ಯ ಅಧ್ಯಕ್ಷರಾದ ಬೆಟ್ಟಸ್ವಾಮಿಯವರೇ, ಪ್ರಾಂಶುಪಾಲರಾದ ವನಜಾಕ್ಷಿ ಮೇಡಂ ಅವರೇ, ಸಹೋದ್ಯೋಗಿಗಳೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದ ವಿದ್ಯಾರ್ಥಿ ಮಿತ್ರರೇ, ಕೊತ್ತಗೆರೆಯಿಂದ ಬಸ್ ಹಿಡಿದು ಬಂದಿರುವ ನನ್ನ ಬಂಧುಗಳೇ, ಸಭಿಕರೇ,

ನನ್ನ ನಿವೃತ್ತಿಯ ನೆಪದಲ್ಲಿ ಈಗಷ್ಟೇ ಐದು ಮಂದಿ ನನ್ನನ್ನು ಹೊಗಳಿದರು. ಫ್ಯಾಕ್ಟರಿಗೆ ನೇರವಾಗಿ ಕೆಲಸಗಾರರನ್ನು ಕೊಡುವ ಪದವಿಯನ್ನು ಈ ಕಾಲೇಜಿಗೆ ತಂದವರು ಹನುಮಂತರಾಜು ಮೇಷ್ಟ್ರು ಎಂದರು. ಇಂಥ ಮಾತುಗಳು ಸಾಮಾನ್ಯವಾಗಿ ಮನುಷ್ಯ ಸತ್ತ ಮೇಲೆ ಕೇಳಿಬರುತ್ತವೆ. ನಾನಿನ್ನೂ ಬದುಕಿರುವುದರಿಂದ ಒಂದು ತಿದ್ದುಪಡಿಗೆ ಅವಕಾಶವಿದೆ.

ಆ ಕೋರ್ಸು ಏಕೆ ಬಂತು? ಮಕ್ಕಳ ಭವಿಷ್ಯಕ್ಕಾಗಿ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೆ. ನಿಜ ಬೇರೆ. ನಾನು ಭೌತಶಾಸ್ತ್ರದ ಮೇಷ್ಟ್ರು. ಏಳು ವರ್ಷದ ಹಿಂದೆ ನಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳು ಮೂವರು, ಮೇಷ್ಟ್ರುಗಳು ನಾಲ್ವರು. ನನಗೊಂದು ಕುರ್ಚಿ ಉಳಿಯಬೇಕಿತ್ತು.

ಕೋರ್ಸಿನ ಜೊತೆಗೆ ಒಂದು ಯಂತ್ರವೂ ಬಂತು. ಕಂಪ್ಯೂಟರಿನಲ್ಲಿ ಅಳತೆ ಬರೆದರೆ ಕಬ್ಬಿಣವನ್ನು ಕೂದಲೆಳೆಯಷ್ಟೂ ತಪ್ಪದೆ ಕೊರೆಯುವ ಲೇತ್. ಅದು ಮೂರು ವರ್ಷ ಮರದ ಪೆಟ್ಟಿಗೆಯೊಳಗೇ ಇತ್ತು. ವಿದ್ಯುತ್ ಲೈನು ಬಂದಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಲೈನಿಗೆ ಹಾಕಬೇಕಾದ ಅರ್ಜಿ ನನ್ನ ಡ್ರಾಯರಿನಲ್ಲಿತ್ತು. ಏಕೆ ಕಳಿಸಲಿಲ್ಲ? ಯಂತ್ರ ತಿರುಗಿದರೆ ಯಾರಾದರೂ ಅದನ್ನು ಕಲಿಸಬೇಕಲ್ಲ. ನನಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎನ್ನಲು ನಾಚಿಕೆಯಾಗುತ್ತಿತ್ತು.

ಮೊದಲ ತಂಡದಲ್ಲಿ ಇಪ್ಪತ್ತು ಮಕ್ಕಳಿದ್ದರು. ಇಪ್ಪತ್ತು ಜನರ ತರಬೇತಿ ದಾಖಲೆ ಪುಸ್ತಕದಲ್ಲೂ ‘ಯಂತ್ರದ ಮೇಲೆ ಇನ್ನೂರು ಗಂಟೆ ತರಬೇತಿ’ ಎಂದು ಬರೆದು ಸಹಿ ಹಾಕಿದೆ. ಎಲ್ಲರಿಗೂ ಕೆಲಸದ ಪತ್ರ ಸಿಕ್ಕಿತು. ಪತ್ರಿಕೆಯಲ್ಲಿ ಫೋಟೋ ಬಂತು.

ಕೆಲಸಕ್ಕೆ ಸೇರಿದ ನಾಲ್ಕನೇ ದಿನಕ್ಕೆ ಹೇಮಶ್ರೀ ವಾಪಸ್ ಬಂದಳು. ಕುಣಿಗಲ್ ಕಡೆಯ ಹುಡುಗಿ. ತರಗತಿಯಲ್ಲಿ ಬಾಯಿ ಬಿಡದವಳು ನನ್ನ ಮೇಜಿನ ಮೇಲೆ ಆ ಪುಸ್ತಕವನ್ನಿಟ್ಟಳು.

“ಮೆಷಿನ್ ಮುಂದೆ ನಿಲ್ಲಿಸಿ, ಆನ್ ಮಾಡಮ್ಮ ಅಂದ್ರು ಸರ್. ಎಲ್ಲಿ ಒತ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಎಲ್ರೂ ನಕ್ಬುಟ್ರು. ಇದು ನಿಮ್ ಸೈನೇ ತಾನೆ?”

ನಾನೇನು ಹೇಳಿದೆ ಗೊತ್ತೇ? “ಕಾಲೇಜು ಅಂದ್ಮೇಲೆ ಇವೆಲ್ಲ ಇರ್ತವೆ ಕಣಮ್ಮ” ಎಂದೆ. ಮೂವತ್ತು ವರ್ಷ ಪಾಠ ಮಾಡಿದವನು ಆಡಿದ ಮಾತು ಇದು.

ಮಾರನೆಯ ದಿನವೂ ಬಂದಳು. ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದಳು. “ನಂಗೆ ಸರ್ಟಿಫಿಕೇಟ್ ಬ್ಯಾಡ ಸರ್, ಕೆಲ್ಸ ಕಲ್ಸಿ.”

“ನಂಗೇ ಬರಲ್ಲ ಕಣಮ್ಮ” ಎಂದೆ. ಆ ಮಾತು ಬಾಯಿಗೆ ಬಂದದ್ದು ಅಂದೇ ಮೊದಲು.

ಅವಳು ಬೈಯಲಿಲ್ಲ. “ಹಂಗಾದ್ರೆ ಇಬ್ರೂ ಕಲಿಯಣ ಬುಡಿ” ಎಂದಳು.

ಡ್ರಾಯರಿನಿಂದ ಅರ್ಜಿ ಹೊರಗೆ ಬಂತು. ಹನ್ನೊಂದು ದಿನ ಬೆನ್ನು ಬಿದ್ದೆ, ಲೈನು ಬಂತು. ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾಗಿದ್ದ ಗುಬ್ಬಿಯ ಪುಟ್ಟರಂಗಯ್ಯನವರನ್ನು ಕೈಮುಗಿದು ಕರೆತಂದೆ. ಏಪ್ರಿಲ್, ಮೇ ಎರಡೂ ತಿಂಗಳು ನಾನೂ ಹೇಮಶ್ರೀಯೂ ಅಕ್ಕಪಕ್ಕ ನಿಂತು ಕಲಿತೆವು. ಅವಳು ಬೇಗ ಕಲಿತಳು. ನನಗೆ ಮಾತ್ರ ದಿನವೂ, “ಮೇಷ್ಟ್ರೇ, ಕೈ ಹಿಂದಕ್ ತಗಳಿ, ಹೆಬ್ಬೆಟ್ಟು ಹೋಯ್ತದೆ!” ಎಂಬ ಪುಟ್ಟರಂಗಯ್ಯನವರ ಗದರಿಕೆ ತಪ್ಪಲಿಲ್ಲ.

ಹೇಮಶ್ರೀ ಬೇರೊಂದು ಕಾರ್ಖಾನೆಯ ಪರೀಕ್ಷೆಗೆ ಹೋಗಿ ಗೆದ್ದಳು. ಇವತ್ತು ಅವಳಿಗೆ ಎರಡನೇ ಶಿಫ್ಟು, ಬರಲಾಗಲಿಲ್ಲ. ಆನಂತರ ಈ ಕಾಲೇಜಿನಿಂದ ಹೊರಟ ಪ್ರತಿಯೊಬ್ಬರೂ ಆ ಯಂತ್ರವನ್ನು ತಾವೇ ಓಡಿಸಿ ಹೋಗಿದ್ದಾರೆ. ಅದಕ್ಕೆ ನೀವು ಚಪ್ಪಾಳೆ ತಟ್ಟಿದಿರಿ, ಸಂತೋಷ. ಆದರೆ ಉಳಿದ ಹತ್ತೊಂಬತ್ತು ಮಕ್ಕಳು?

ಅವರನ್ನು ಹುಡುಕಿ ಹೋಗಲು ನನಗೆ ನಾಲ್ಕು ವರ್ಷ ಬೇಕಾಯಿತು. ಕೆಲಸ ಹೆಚ್ಚಿತ್ತು ಎನ್ನಬಹುದು. ಇರಲಿಲ್ಲ. ಧೈರ್ಯವಿರಲಿಲ್ಲ. ಹೋದ ತಿಂಗಳು ಹೊರಟೆ. ಎಂಟು ಮಂದಿ ಹೇಗೋ ಬೈಸಿಕೊಂಡು, ಬೇಡಿಕೊಂಡು ಅಲ್ಲೇ ಕಲಿತು ಉಳಿದಿದ್ದರು. ಮಿಕ್ಕ ಹನ್ನೊಂದು ಮಂದಿ ಒಂದೆರಡು ವಾರದಲ್ಲೇ ಬಿಟ್ಟು ಬಂದಿದ್ದರು. ಯಾರೂ ನನ್ನನ್ನು ದೂರಿರಲಿಲ್ಲ.

ಅವರಲ್ಲೊಬ್ಬಳಾದ ಇಂಪನಾ ಅಮೃತೂರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದಳು. ನನ್ನನ್ನು ಕಂಡೊಡನೆ ಎದ್ದು ಸ್ಟೂಲು ಕೊಟ್ಟಳು. ಪೆಟ್ಟಿಗೆ, ಅರ್ಜಿ, ಸಹಿ ಎಲ್ಲವನ್ನೂ ಹೇಳಿದೆ. ಕೈಯಲ್ಲಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು ಕೇಳಿಸಿಕೊಂಡಳು.

“ಹಂಗಾರೆ ಅದು ನನ್ ತಪ್ಪಲ್ವಾ ಸರ್?” ಎಂದಳು. “ನಾಲ್ಕು ವರ್ಷದಿಂದ ನಾನೇ ದಡ್ಡಿ ಅನ್ಕೊಂಡಿದ್ದೆ. ಮನೇಲೂ ಹಂಗೇ ಹೇಳ್ಬುಟ್ಟಿದೀನಿ.”

ನನ್ನ ನಂತರ ವಿಭಾಗ ನೋಡಿಕೊಳ್ಳುವ ಅನುಪಮಾ ಅವರು ಆ ಮಕ್ಕಳಿಗೆ ಮತ್ತೆ ತರಬೇತಿ ಕೊಡಲು ಒಪ್ಪಿದ್ದಾರೆ. ಇಂಪನಾ ಬರುತ್ತೇನೆ ಎಂದಿಲ್ಲ. ಅದು ಅವಳ ಇಷ್ಟ. ಆದರೆ ಅವಳ ಮನೆಗೆ ಮುಟ್ಟಬೇಕಾದ ಒಂದು ಮಾತನ್ನು ಈ ಮೈಕಿನಲ್ಲಿ ಹೇಳುತ್ತೇನೆ. ನಿಮ್ಮ ಮಗಳು ದಡ್ಡಿಯಲ್ಲ ತಾಯಿ. ಅವಳ ಮೇಷ್ಟ್ರು ಪಾಠ ಮಾಡಿರಲಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞ. ನಮಸ್ಕಾರ.