ಸಕ್ಕರೆ ನೀರು

ರಕ್ತ ಪರೀಕ್ಷೆಯ ಸರದಿಗೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಪ್ರಯೋಗಾಲಯದ ಹುಡುಗಿ ಸಂಶೋಧನೆಯ ಒಪ್ಪಿಗೆ ಪತ್ರ ಹಿಡಿದಿದ್ದಳು.

“ಅವನ ರಕ್ತದ ಕಣಗಳು ನಮ್ಮ ಲ್ಯಾಬಲ್ಲಿ ಇನ್ನೂ ಬದುಕಿವೆ, ಅಮ್ಮ. ಸಾಯದ ಹಾಗೆ ವೈರಸ್ ಸೇರಿಸಿದ್ದೀವಿ.”

“ನೆಗಡಿ ಆದವರನ್ನೂ ಹೊಸಿಲು ದಾಟಿಸದೆ ಸಾಕಿದೆ ಕಣಮ್ಮ. ನೀವು ವೈರಸ್ ಹಾಕಿ ಬದುಕಿಸಿದ್ರಾ?”

“ಆ ಕಣಗಳಿಗೆ ಒಂದು ರಾಸಾಯನಿಕ ಹಾಕಿದ್ರೆ, ಅವನಲ್ಲಿ ಇಲ್ಲದೇ ಇದ್ದ ಕಿಣ್ವ ಈಗ ಬರ್ತಿದೆ.”

“ಅವನಿಗೇ ಹಾಕಬೇಕಿತ್ತು.”

“ಮೈಗೆ ಅದು ವಿಷ, ಅಮ್ಮ. ನೀವು ಬೇಡ ಅಂದ್ರೆ ಕಣಗಳನ್ನ ಇವತ್ತೇ ಚೆಲ್ಲಿಬಿಡ್ತೀವಿ.”

“ಏನು ತಿಂದು ಬದುಕಿವೆ ಅವು?”

“ಎರಡು ದಿನಕ್ಕೊಮ್ಮೆ ಸಕ್ಕರೆ ನೀರಿನಂಥದ್ದು ಹಾಕ್ತೀವಿ.”

“ಸಕ್ಕರೆನಾ! ಅವನು ಅತ್ತು ಕರೆದರೂ ಒಂದು ಚಿಟಿಕೆ ಕೊಡಬೇಡಿ ಅಂದೋರು ನೀವೇ ಅಲ್ವಾ?”

ತಾಯಿ ಹುಡುಗಿಯ ಕೈಯಿಂದ ಪೆನ್ನು ಕಿತ್ತುಕೊಂಡು ಸಹಿ ಹಾಕಿದಳು.

“ಭಾನುವಾರ ರಜೆ ಅಂತ ತಪ್ಪಿಸಬೇಡಿ,” ಎಂದು ಮೆಟ್ಟಿಲಿಳಿದು ಹೋದಳು.