ಹನ್ನೆರಡನೇ ಶಿಖರದ ಬಾಗಿನ

…ಏಳ್ಬೇಡ, ಏಳ್ಬೇಡ! ಕೂತ್ಕೋ ಅಂದ್ನಲ್ಲ. ನಾನೇನು ಹೊರಗಿನವಳಾ? ಲೋಟ, ಸ್ಟ್ರಾ ಎಲ್ಲಾ ನಾನೇ ನಿನ್ನ ಅಡುಗೆಮನೆಯಿಂದ ತಂದ್ಕೊಂಡೆ. ತಿಳಿಸಾರು ಕಣೇ, ಎರಡು ಸಲ ಸೋಸಿದೀನಿ. ಒಂದು ಸಾಸಿವೆ ಕಾಳೂ ಸಿಗಲ್ಲ ನಿಂಗೆ. ದವಡೆಗೆ ತಂತಿ ಬಿಗಿಸ್ಕೊಂಡು ಆರು ವಾರ! ಬರೀ ನೀರು ನೀರು… ಪಾಪ. ಆದ್ರೂ ಒಂದು ಮಾತು ಹೇಳ್ಲಾ ಭಾವನಾ? ಬೇಜಾರ್ ಮಾಡ್ಕೋಬಾರ್ದು. ಎಷ್ಟು ಸಣ್ಣ ಆಗಿದೀಯ ಮಾರಾಯ್ತಿ! ಜಿಮ್ಮಿಗೆ ದುಡ್ಡು ಸುರಿದ್ರೂ ಆಗದ್ದು ಆಗಿದೆ. ಗಲ್ಲದ ಮೇಲೆ ಆ ಗಾಯ ಒಂದಿಲ್ದೇ ಇದ್ದಿದ್ರೆ ದೃಷ್ಟಿ ತೆಗೀಬೇಕಿತ್ತು.

ಯಾಕೆ ಹಾಗೆ ನೋಡ್ತೀಯ? ತಮಾಷೆ ಕಣೇ. ಕುಡಿ, ಕುಡಿ.

ನಿನ್ನ ಮಗಳು ಬಾಗಿಲು ತೆಗೆದ್ಲು. ಮಾನ್ಯಾ ಎಷ್ಟು ಉದ್ದ ಆಗಿದಾಳೆ! ಅದೇನೋ ಪಟಪಟ ಅಂತ ಇಂಗ್ಲಿಷಲ್ಲಿ ಹೇಳ್ತಿದ್ಲು, ಅಮ್ಮ, ಡಾಕ್ಟರು, ಮಂಡೇ… ನಾನು ಶೂ ಬಿಚ್ತಾ ಇದ್ದೆ, ಕೇಳಿಸ್ಕೊಳ್ಳಲಿಲ್ಲ. ಈ ಮಕ್ಕಳದ್ದು ಯಾವಾಗ್ಲೂ ಓಟ. ಅನುರಾಗ್ ಮೇಲೆ ಮೀಟಿಂಗಲ್ಲಿದಾನೆ ಅಲ್ವಾ? ಇರಲಿ ಬಿಡು, ಕರೀಬೇಡ. ನಾವಿಬ್ಬರೇ ಮಾತಾಡೋಣ. ಅಂದ್ರೆ… ನಾನು ಮಾತಾಡ್ತೀನಿ, ನೀನು ಕೇಳು! ಬೇಕಾದ್ರೆ ಆ ಬೋರ್ಡಿನ ಮೇಲೆ ಬರಿ. ಪೆನ್ನು ಮುಟ್ಟಲ್ವಾ? ಆಯ್ತಮ್ಮಾ.

ಈ ಭಾನುವಾರ ಪಿಕ್ನಿಕ್ಕು, ಗೊತ್ತಲ್ಲ. ಪ್ಲೆಸೆಂಟನ್ ಪಾರ್ಕಲ್ಲೇ. ನಮ್ಮ ಶಿಖರ ಸಖಿಯರು ಗ್ರೂಪು ಶುರುವಾಗಿ ಒಂಬತ್ತು ವರ್ಷ, ಇದುವರೆಗೂ ಒಬ್ಬಳಿಗೂ ಬಾಗಿನ ಕೊಟ್ಟಿಲ್ಲ. ಹನ್ನೆರಡು ಶಿಖರದ ತುದಿ ಮುಟ್ಟಿದವಳಿಗೆ ಮೊರದ ಬಾಗಿನ ಅಂತ ನಾನೇ ರೂಲ್ ಮಾಡಿದ್ದು, ಕೊನೆಗೆ ನಂಗೇ ಮೊದಲ್ನೇದು ಬರ್ತಾ ಇದೆ! ಸಾಂಟಾ ಕ್ಲಾರಾ ಅಂಗಡೀಲಿ ಮೊರ ಸಿಕ್ತು. ಬಳೆ, ಬಿಚ್ಚೋಲೆ, ರವಿಕೆ ಕಣ… ನಿವೇದಿತಾ ಎಲ್ಲಾ ಜೋಡಿಸಿದಾಳೆ. ಆದ್ರೆ ಕೊಡೋರು ಯಾರು ಅಂತ ಕೇಳಿದ್ರು. ನಾನಂದೆ, ಭಾವನಾನೇ ಕೊಡ್ಲಿ.

ಹೌದು, ನೀನೇ. ಅದ್ಯಾಕೆ ಹುಬ್ಬು ಏರಿಸ್ತೀಯ? ನಾಳೆ ತಂತಿ ಬಿಚ್ತಾರಲ್ಲ, ಗುರುವಾರ ಅಂತ ಅನುರಾಗ್ ಹೇಳಿದ್ದ. ಭಾನುವಾರಕ್ಕೆ ನಾಲ್ಕು ಮಾತಾಡೋಷ್ಟು ಆಗಿರ್ತೀಯ. ಎಲ್ಲಾ ಎಂಬತ್ತು ಜನ ನೀನೇನು ಹೇಳ್ತೀಯ ಅಂತ ಕಾಯ್ತಿರ್ತಾರೆ. ಅದಕ್ಕೇ ಬಂದೆ. ಏನು ಹೇಳ್ಬೇಕು ಅಂತ ಒಂದು ಸಲ ಇಬ್ಬರೂ ಕೂತು… ಅಭ್ಯಾಸ ಮಾಡೋಣ ಅಂತ. ತಲೆಗೂ ಪೆಟ್ಟು ಬಿದ್ದಿತ್ತು ನೋಡು. ನೆನಪು ಕಲಸುಮೇಲೋಗರ ಆಗಿರತ್ತೆ. ಡಾಕ್ಟರೇ ಅಂದಿದಾರಂತೆ, ನಾನಲ್ಲ.

ಹೇಳ್ತೀನಿ ಕೇಳು. ಅವತ್ತು ನಾವು ಹತ್ತು ಜನ. ಬೆಳಗಿನ ಜಾವ ಹೊರಟು ಟಾಹೋ ಸರೋವರ ದಾಟಿ ಹೋದ್ವಿ. ಜೂನಾದ್ರೂ ಮೇಲೆಲ್ಲಾ ಇನ್ನೂ ಸ್ನೋ. ನಾನು ಎಷ್ಟು ಸಲ ಮೆಸೇಜ್ ಹಾಕಿದ್ದೆ, ಸ್ಪೈಕ್ಸ್ ಮರೀಬೇಡಿ, ಶೂಗೆ ಸಿಕ್ಕಿಸೋ ಆ ಮುಳ್ಳು ಇಲ್ದೆ ಸ್ನೋ ಮೇಲೆ ಕಾಲಿಡಬೇಡಿ ಅಂತ. ನೀನು ಮರೆತೆ. ಕಾರಲ್ಲೇ ಬಿಟ್ಟೆ, ಜಾರಿ ಬಿದ್ದೆ. ಅಷ್ಟೇ. ಯಾರಿಗಾದ್ರೂ ಆಗತ್ತೆ. ಅನುರಾಗ್ ಕೂಡ ಅಂದ, ‘ಇವಳಿಗೆ ಯಾವಾಗ್ಲೂ ಮರೆವು ಅಕ್ಕಾ’ ಅಂತ. ಗಂಡನೇ ಒಪ್ಕೊಂಡಾಗಿದೆ, ಇನ್ನೇನು?

ಆಮೇಲೆ ಆ ಎರಡು ತುದಿಗಳ ಮಧ್ಯದ ತಗ್ಗಲ್ಲಿ ನಿಂಗೆ ಮೊಣಕಾಲು ನೋವು ಬಂತು. ಎಂಟು ಜನ ಆಗ್ಲೇ ಮುಂದೆ. ನಾನು ನಿನ್ನ ಜೋಡಿ, ನಿನ್ನ ಪಕ್ಕಾನೇ ಇದ್ದೆ. ನೀನೇ ಅಂದೆ, ‘ವಸುಧಕ್ಕ, ನೀವು ಹೋಗಿ, ನಾನು ಇಳೀತೀನಿ’ ಅಂತ. ಅನ್ನಲಿಲ್ವಾ? ತಲೆ ಅಲ್ಲಾಡಿಸ್ಬೇಡ, ಕುತ್ತಿಗೆ ನೋಯತ್ತೆ.

ಜೋಡಿ ಬಿಟ್ಟು ಹೋಗಬಾರದು ಅನ್ನೋದೂ ನಂದೇ ರೂಲು. ಗೊತ್ತು. ಆದ್ರೆ ನೀನೇ ಬಲವಂತ ಮಾಡಿದ್ರೆ ನಾನೇನು ಮಾಡ್ಲಿ?

ತುದೀಲಿ ಎಷ್ಟು ಚಂದ ಇತ್ತು ಗೊತ್ತಾ! ಒಂದು ಕಡೆ ನೀಲಿ ಸರೋವರ, ಇನ್ನೊಂದು ಕಡೆ ನಮ್ಮ ಕಾಲ ಕೆಳಗೇ ಬಿಳೀ ಮೋಡ. ನನ್ನ ವಿಡಿಯೋ ನೋಡಿದ್ಯಲ್ಲ? ಅರಿಸಿನ ಕುಂಕುಮ ಇಟ್ಟು, ಕಲ್ಲಿಗೆ ಕೈ ಮುಗಿದು, ಒಂದು ನಿಮಿಷ ಮಾತಾಡಿದೀನಿ. ಎಷ್ಟು ಶಾಂತವಾಗಿದೆ, ಗಾಳಿ ಬಿಟ್ರೆ ಒಂದು ಸದ್ದಿಲ್ಲ ಅಂತ ಎಲ್ಲರೂ ಬರೆದಿದ್ರು. ಅದಕ್ಕೆ ಸ್ವಲ್ಪ ಕಾಯಬೇಕಾಯ್ತು ಅನ್ನು. ಅದೊಂದು ತಮಾಷೆ! ಕೆಳಗೆ ಮೋಡದೊಳಗಿಂದ ಮಾರ್ಮೊಟ್ಟುಗಳು. ಅಳಿಲಿನ ದೊಡ್ಡಪ್ಪನ ಥರ ಇರ್ತಾವಲ್ಲ, ಅವು. ಒಂದೇ ಸಮ ಸಿಳ್ಳೆ! ಮೂರು ಸಲ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ನಿವೇದಿತಾ ಪುಕ್ಕಲಿ, ‘ಏನಕ್ಕಾ ಅದು’ ಅಂದ್ಲು. ಮಾರ್ಮೊಟ್ಟು ಕಣೇ, ಗಂಡು ಹೆಣ್ಣನ್ನ ಕರೀತಿದೆ ಅಂದೆ. ಎಲ್ಲಾ ಬಿದ್ದೂ ಬಿದ್ದೂ ನಕ್ಕರು…

ಯಾಕೆ ಸ್ಟ್ರಾ ಬಿಟ್ಟೆ? ಖಾರ ಆಯ್ತಾ?

ಸರಿ ಸರಿ. ಬೇಡ ಅಂದ್ರೆ ಬೇಡ.

ಇಲ್ನೋಡು, ನಿಂಗೊಂದು ತಂದಿದೀನಿ. ತೆಗಿ, ಚೀಲ ತೆಗಿ. ಸ್ಪೈಕ್ಸ್! ಇನ್ನು ಮೇಲೆ ಮರೆತೆ ಅನ್ನೋ ಹಾಗಿಲ್ಲ. ಮುಂದಿನ ವರ್ಷ ಮತ್ತೆ ಹತ್ತೋಣ. ನಿಂದೂ ಹನ್ನೊಂದು ಆಗಿದೆಯಲ್ಲ, ಇನ್ನೊಂದೇ ಒಂದು. ಎರಡೇ ವರ್ಷದಲ್ಲಿ ಹನ್ನೊಂದು… ನಂಗೆ ಒಂಬತ್ತು ವರ್ಷ ಬೇಕಾಯ್ತು. ಮಕ್ಕಳು, ಮನೆ, ಆಫೀಸು, ಅತ್ತೆಯ ಡಯಾಲಿಸಿಸ್ಸು, ಎಲ್ಲಾ ಮಾಡ್ಕೊಂಡು. ನೀನು ನಿನ್ನೆ ಬಂದವಳು, ಓಡಿ ಓಡಿ ಹತ್ತಿಬಿಟ್ಟೆ. ಅವತ್ತು ನನ್ನ ಜೊತೇಲೇ ತುದಿ ಮುಟ್ಟಿದ್ದಿದ್ರೆ, ಮೊದಲ್ನೇ ಬಾಗಿನ ಇಬ್ಬರಿಗೂ ಅರ್ಧರ್ಧ ಅಂತ ಆಗ್ತಿತ್ತು.

ಏನು ಹುಡುಕ್ತಿದೀಯ? ಹೊಸದು ಕಣೇ. ರಬ್ಬರು ಸ್ವಲ್ಪ ಸವೆದಿರಬಹುದು, ಅಂಗಡೀಲಿ ಯಾರೋ ಹಾಕಿ ನೋಡಿರ್ತಾರೆ… ತಿರುಗಿಸಿ ತಿರುಗಿಸಿ ಏನು ನೋಡ್ತೀಯ? ಹಿಮ್ಮಡಿ ಹತ್ರ ಏನೂ ಇಲ್ಲ.

ಏನೂ ಇಲ್ಲ ಅಂದ್ನಲ್ಲ!

…ನಿನ್ನ ಅಭ್ಯಾಸಾನೂ ಒಂದು. ಎಲ್ಲರೂ ಅಡುಗೆ ತರೋ ಪಾಟ್‌ಲಕ್ಕಲ್ಲಿ ಪಾತ್ರೆ ಕಳೆದುಹೋಗತ್ತೆ ಅಂತ ಕಂಡಕಂಡದ್ದಕ್ಕೆಲ್ಲಾ ಹಸಿರು ನೇಲ್ ಪಾಲಿಶ್ ಬೊಟ್ಟು. ಡಬ್ಬಿಗೆ, ಸೌಟಿಗೆ, ನೀರಿನ ಬಾಟ್ಲಿಗೆ. ಸ್ಪೈಕ್ಸಿಗೂ ಹಚ್ಚಿದ್ಯಲ್ಲ, ನಿನ್ನ ಸ್ಪೈಕ್ಸ್ ಯಾರು ಕದೀತಾರೆ ಹೇಳು? ಎರಡು ದಿನ ಉಜ್ಜಿದೆ. ರಿಮೂವರಿಗೂ ಹೋಗಲಿಲ್ಲ ಆ ಸಂದೀದು.

ಆಯ್ತು. ನಿಂದೇ. ಈಗೇನು?

ನಾನು ಮರೆತೆ, ನೀನಲ್ಲ. ಕಾರಲ್ಲಿ ಉಳಿದದ್ದು ನನ್ನ ಸ್ಪೈಕ್ಸ್. ಎಲ್ಲರಿಗೂ ಪಾಠ ಹೇಳೋಳು ನಾನು, ಪಾರ್ಕಿಂಗಲ್ಲಿ ಒಬ್ಬೊಬ್ಬರ ಚೀಲ ತೆಗೆಸಿ ನೋಡೋಳು ನಾನು… ಹೇಗೆ ಹೇಳ್ಲಿ? ಹೇಗೋ ಕೋಲು ಊರ್ಕೊಂಡು ನಿನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಆ ತಗ್ಗಿನ ತನಕ ಬಂದೆ. ಅಲ್ಲಿಂದ ಮೇಲಕ್ಕೆ ಆಗ್ತಿರಲಿಲ್ಲ, ಬರೀ ಗಾಜು. ನಿಂಗೆ ಮೊಣಕಾಲು ನೋವು ಹೌದು ತಾನೇ? ಸ್ವಲ್ಪನಾದ್ರೂ ಇತ್ತು ತಾನೇ? ‘ನಿನ್ನ ಸ್ಪೈಕ್ಸ್ ಕೊಡು, ಒಂದು ಗಂಟೇಲಿ ಬಂದ್ಬಿಡ್ತೀನಿ, ನೀನು ಇಲ್ಲೇ ಕೂತಿರು’ ಅಂದೆ. ನೀನು ಕೊಟ್ಟೆ! ನಾನೇನು ಕಿತ್ಕೊಂಡ್ನಾ? ಬಗ್ಗಿ, ನನ್ನ ಶೂಗೆ ನೀನೇ ಹಾಕಿದೆ. ಆಗಲ್ಲ ಅಕ್ಕಾ ಅನ್ಬಹುದಿತ್ತು. ಅಕ್ಕಾ ಅಕ್ಕಾ ಅಂತ ಹಿಂದೆ ತಿರುಗೋರಿಗೆ ಇದೇ ಕಷ್ಟ, ಇಲ್ಲ ಅನ್ನೋಕೆ ಬಾಯೇ ಬರಲ್ಲ. ನಂಗದು ಗೊತ್ತಿತ್ತು. ಅದಕ್ಕೇ ಕೇಳಿದೆ.

ವಾಪಸ್ ಬರಬೇಕು ಅಂತಾನೇ ಇದ್ದೆ. ಆಣೆ. ಆದ್ರೆ ಅವರೆಲ್ಲಾ ಆ ಕಡೆ ದಿಣ್ಣೆ ಮೇಲಿಂದ ಇಳಿದು, ಕೆರೆ ಹತ್ರ ಟೀ ಕುಡಿಯೋಣ ಅಂದ್ರು… ನೀನು ಇಳಿದಿರ್ತೀಯ ಅಂದ್ಕೊಂಡೆ. ಇಳಿದೇ ಇದ್ದೆಯಲ್ಲ! ಸ್ಪೈಕ್ಸ್ ಇಲ್ದೆ ಆ ಸ್ನೋ ಮೇಲೆ ಯಾಕೆ ಕಾಲಿಟ್ಟೆ? ಕೂತಿರು ಅಂದ್ನಲ್ಲ! ಯಾರೋ ನಾಯಿ ಕರ್ಕೊಂಡು ಬಂದ ಗಂಡ ಹೆಂಡತಿ ನೋಡದೇ ಇದ್ದಿದ್ರೆ…

ನೋಡು, ಅಳಬೇಡ. ಓ, ಅಳ್ತಿಲ್ವಾ? ಸರಿ.

ವ್ಯವಹಾರದ ಮಾತಾಡೋಣ. ನಾಳೆ ತಂತಿ ಬಿಚ್ಚಿದ ಮೇಲೆ ನೀನು ಇದನ್ನೆಲ್ಲಾ ಹೇಳ್ಬಹುದು. ಹೇಳು. ಯಾರು ನಂಬ್ತಾರೆ? ಒಂದೂವರೆ ತಿಂಗಳಿಂದ ನೀನು ಮರೆತೆ ಅಂತಾನೇ ಎಲ್ಲರ ತಲೇಲಿ ಕೂತಿದೆ. ನಿನ್ನ ಗಂಡನ ತಲೇಲೂ. ಬೋರ್ಡಿದೆ, ಪೆನ್ನಿದೆ, ಇಷ್ಟು ದಿನ ಯಾಕೆ ಬರೀಲಿಲ್ಲ ಅಂತಾನೇ ಮೊದಲು ಕೇಳ್ತಾರೆ. ತಲೆಗೆ ಪೆಟ್ಟು ಬಿದ್ದವಳು, ಯಾರ ಮೇಲಾದ್ರೂ ಹಾಕ್ಬೇಕು, ವಸುಧಕ್ಕನ ಮೇಲೆ ಹಾಕ್ತಿದಾಳೆ, ಬಾಗಿನದ ಹೊಟ್ಟೆಕಿಚ್ಚು ಅಂತಾರೆ. ನಾನೇ ಅನ್ನಿಸ್ತೀನಿ. ಭಾನುವಾರ ಬಾ, ಒಳ್ಳೇ ಸೀರೆ ಉಡು, ಮೊರ ನನ್ನ ಕೈಗಿಡು, ‘ನನ್ನ ತಪ್ಪು, ಅಕ್ಕಂದಲ್ಲ’ ಅನ್ನು. ಎರಡೇ ಮಾತು. ಆಯ್ತಾ?

ಆಯ್ತಾ ಅಂದೆ. ತಲೆಯಾದ್ರೂ ಆಡಿಸು.

ಯಾಕೆ ನಗ್ತಿದೀಯ? ಏನು ಬಂತು ನಗೋ ಅಂಥದ್ದು? ನೀನು… ಭಾವನಾ, ಬಾಯಿ ತೆಗೆದ್ಯಲ್ಲ. ತಂತಿ ಎಲ್ಲಿ?

ಹಲ್ಲಿನ ಮೇಲೆ ತಂತಿ ಎಲ್ಲಿ?

ಸೋಮವಾರಾನೇ ಬಿಚ್ಚಿದ್ರಾ? ಮಾನ್ಯಾ ಬಾಗಿಲಲ್ಲಿ ಅದೇ ಹೇಳ್ತಿದ್ಲಾ, ಮಂಡೇ ಅಂತ? ಹಾಗಾದ್ರೆ ಇಷ್ಟು ಹೊತ್ತೂ ನಿಂಗೆ ಮಾತು ಬರ್ತಿತ್ತು! ಸಾರು ಸ್ಟ್ರಾದಲ್ಲಿ ಹೀರ್ತಾ ಕೂತಿದ್ದೆ… ನಂಗೆ ಹೇಳ್ಬಾರ್ದಾ?

ಅನುರಾಗ್‌ಗೆ ಹೇಳಿದ್ಯಾ? ಹೇಳಿದೀಯಾ ಇಲ್ವಾ? ಮಾತಾಡೇ! ಬೈಯಿ. ಹೊಡಿ ಬೇಕಾದ್ರೆ. ಸುಮ್ನೆ ಹಾಗೆ ನೋಡ್ಬೇಡ… ಏನದು, ಮೇಜಿನ ಡ್ರಾಯರಿಂದ?

ಅದ್ಯಾಕೆ ತೆಗೆದೆ? ಅದು ನಾನು ಕೊಟ್ಟಿದ್ದಲ್ವಾ. ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಸಿಳ್ಳೆ. ಕಷ್ಟಕ್ಕೆ ಸಿಕ್ಕಿದ್ರೆ ಮೂರು ಸಲ ಊದಿ, ಬಿಟ್ಟು ಮತ್ತೆ ಮೂರು ಸಲ, ಜೋಡಿಯವಳು ಓಡಿ ಬರ್ತಾಳೆ ಅಂತ… ಕೆಳಗಿಡು. ಊದ್ಬೇಡ. ಮಗು ಇದೆ ಮನೇಲಿ.

ನೀನು ಊದಿದ್ದೆ ಅಂತ ನಂಗೇನು ಗೊತ್ತು? ನೀನು ಯಾರಿಗೂ ಹೇಳಲೇ ಇಲ್ಲವಲ್ಲ. ಬರೀಲೂ ಇಲ್ಲ. ನಾನು ಮಾರ್ಮೊಟ್ಟು ಅಂತಾನೇ… ನಿವೇದಿತಾನೂ ಆಮೇಲೆ ಒಂದು ಸಲ ಕೇಳಿದ್ಲು, ‘ಅದು ಮಾರ್ಮೊಟ್ಟೇನಾ ಅಕ್ಕಾ’ ಅಂತ. ಗದರಿಸಿದೆ, ಬಾಯಿ ಮುಚ್ಕೊಂಡ್ಲು. ಅದೇ, ಅದೇ ಮಾರ್ಮೊಟ್ಟು…

ಮೂರರ ಲೆಕ್ಕದಲ್ಲಿ ಮಾರ್ಮೊಟ್ಟು ಸಿಳ್ಳೆ ಹಾಕಲ್ಲ. ಗೊತ್ತು ನಂಗೆ. ಒಂಬತ್ತು ವರ್ಷದಿಂದ ಹತ್ತಿದೀನಿ, ಗೊತ್ತಿರಲ್ವಾ?

ಏನಾದ್ರೂ ಅನ್ನು, ನಿನ್ನ ದಮ್ಮಯ್ಯ. ಮೂರು ಮೂರರಂತೆ ಏಳು ಸಲ ಊದಿದೆ ನೀನು. ಎಣಿಸಿದೆ. ಫೋನು ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ, ಯಾವಾಗ ನಿಲ್ಲತ್ತೆ ಅಂತ. ವಿಡಿಯೋದಲ್ಲಿ ಕೇಳಿಸಿಬಿಡತ್ತಲ್ಲ ಅಂತ… ನಿಂತ ಮೇಲೇ ಶುರು ಮಾಡಿದ್ದು.