ಹಾರ್ಲನ್ ಬಡಿದ ಗೋಡೆ

ನಗೋದಾದ್ರೆ ಈಗಲೇ ನಕ್ಕುಬಿಡಿ. ಇದು ನಮ್ಮ ಚಿಕ್ಕಪ್ಪನ ಮಗಳು ಲುವೆಲ್ಲಾಗೆ ಆದದ್ದು. ಇಲ್ಲೇ, ವೆಸ್ಟ್ ವರ್ಜೀನಿಯಾದ ನಮ್ಮ ಗಣಿ ಊರಲ್ಲೇ.

ಒಂದು ರಾತ್ರಿ ಹೋಟೆಲ್ ಕೆಲಸ ಮುಗಿಸಿ ಹಳೇ ಬಾವಿ ಹಾದು ಬರ್ತಿದ್ದಳು. ಗಾಳಿ ಇಲ್ಲ. ಆದರೂ ರಾಟೆ ಕಿರ್ರ್... ಅಂತು. ಕಟ್ಟೆ ಮೇಲೆ ಹಾರ್ಲನ್ ಕೂತಿದ್ದ, ಅವಳ ಪಕ್ಕದ ಬಾಡಿಗೆ ಕೋಣೆಯವನು. ಗಣಿಯಲ್ಲಿ ಬೆನ್ನು ಮುರಿದುಕೊಂಡು, ನೋವಿನ ಮಾತ್ರೆಯಿಂದ ಶುರುವಾಗಿ ಫೆಂಟನಿಲ್ ಅನ್ನೋ ನಶೆಗೆ ಬಿದ್ದವನು.

"ಡಬ್ಬಿ ಎಲ್ಲೇ?" ಅಂದ, ಪಿಸುಮಾತಲ್ಲಿ.

ಬಾವಿ ಕಂಬದ ಮೇಲೊಂದು ಡಬ್ಬಿ ಇತ್ತು. ಒಳಗೆ ಮೂಗಿಗೆ ಹೊಡೆಯೋ ಔಷಧ, ಬಿಟ್ಟಿ. ನಶೆ ಮಿತಿಮೀರಿ ಉಸಿರು ನಿಂತವರನ್ನ ಅದು ಎಬ್ಬಿಸ್ತದೆ.

"ಬೆಳಿಗ್ಗೆ ಊರಸಭೆಯವರು ಕಿತ್ತೊಯ್ದರು ಕಣೋ. ಅದಿದ್ರೆ ನಶೆಯವರು ಹೆಚ್ತಾರಂತೆ. ನನ್ನತ್ರಾನೂ ಔಷಧ ಖಾಲಿ. ಇವತ್ತೊಂದಿನ ಸುಮ್ನಿರೋ ಮಾರಾಯ."

"ನೀ ಮಲಕ್ಕೋ. ಬಡೀತೀನಿ."

ಅದು ಅವರ ಕರಾರು. ನಶೆ ಬಿಡಿಸೋಕೆ ಹೆಣಗಿ ಸೋತ ಮೇಲೆ ಇವಳೇ ಮಾಡಿದ್ದು. ಇವಳು ನಡುಗೋಡೆಗೆ ಮೂರು ಸಲ ಬಡಿದರೆ ಅವನು ಎರಡು ಸಲ ಬಡೀಬೇಕು. ಬಡಿದರೆ ಬದುಕಿದ್ದಾನೆ. ಇಲ್ಲದಿದ್ರೆ ಔಷಧ ಹಿಡಿದು ಓಡಬೇಕು. ಹಿಂದೊಮ್ಮೆ ಹಾಗೇ ಓಡಿ ಉಳಿಸಿಕೊಂಡಿದ್ದಳು.

ಮನೆಗೆ ಬಂದು ಬಡಿದಳು. ಟಕ್ ಟಕ್ ಟಕ್.

ಸುಮಾರು ಹೊತ್ತು ಏನೂ ಇಲ್ಲ...

ಟಕ್. ಟಕ್. ಗೆಣ್ಣು ಸುಣ್ಣಕ್ಕೆ ತಾಗಿದ ಸದ್ದು, ಮಂದವಾಗಿ. ಸದ್ಯ ಅಂತ ಮಲಗಿದಳು.

ಬೆಳಿಗ್ಗೆ ಬಡಿದರೆ ತಿರುಗಿ ಬಡಿತ ಬರಲಿಲ್ಲ, ಜನ ಸೇರಿ ಬಾಗಿಲು ಒಡೆದರು. ಹಾರ್ಲನ್ ಮಂಚದ ಕೆಳಗೆ, ಮರಗಟ್ಟಿ ಬಿದ್ದಿದ್ದ. ಪ್ರಾಣ ಹೋಗಿದ್ದು ಹಿಂದಿನ ಮಧ್ಯಾಹ್ನವೇ ಅಂದರು ಡಾಕ್ಟರು.

"ರಾತ್ರಿ ಮಾತಾಡಿದ್ನಲ್ಲ..." ಅಂದಳು ಲುವೆಲ್ಲಾ.

"ನಿಂಗೂ ಅಂಟಿದೆಯಾ ಆ ನಶೆ?" ಅಂದ ಪೊಲೀಸಿನವ.

ಈ ಊರಲ್ಲಿ ಹೆಣ ಹೊತ್ತು ಹೊತ್ತು ನಮ್ಮ ಹೆಗಲು ಸವೆದಿದೆ. ಊರಸಭೆಗೆ ಹೋಗಿ ಡಬ್ಬಿ ವಾಪಸ್ ಕೇಳಿದೆವು, ಕೊಡಲಿಲ್ಲ. ನೀರಿನ ಬಾವಿ ಮುಚ್ಚಿದರೆ ಊರಿಗೆ ಬೆಂಕಿಯೇ ಬೀಳೋಲ್ಲ ಅಂದ ಹಾಗಿತ್ತು ಅವರ ಬುದ್ಧಿ. ಡಬ್ಬಿ ಇದ್ದ ಕಂಬಕ್ಕೆ ಹೂಕುಂಡ ತೂಗುಹಾಕಿದರು. ದೆವ್ವದ ಭಯ ನನಗೆ ಹೋಯ್ತು, ಆ ಸಿಟ್ಟು ಹೋಗಿಲ್ಲ.

ಆಮೇಲೆ ಮನೆ ಮಾಲೀಕ ಹಾರ್ಲನ್ ಕೋಣೆಯನ್ನೇ ಕೆಡವಿಸಿದ. ಲುವೆಲ್ಲಾ ಈಗ ಬಡಿಯೋದಿಲ್ಲ. ಆದರೆ ಅವಳು ಮಲಗಿದ ಮೇಲೆ ಅದೇ ಗೋಡೆಯ ಆಚೆಯಿಂದ ಕೇಳ್ತದೆ... ಟಕ್ ಟಕ್ ಟಕ್. ಮೂರು. ಬದುಕಿದ್ದೀಯಾ ಅಂತ ಕೇಳೋ ಬಡಿತ. ಅವಳು ಎರಡು ಬಡೀತಾಳೆ, ನಿಲ್ತದೆ.

ನಾನೇ ಕೇಳಿದ್ದೀನಿ, ನನ್ನ ಕಿವಿಯಾಣೆ. ಕಿಟಕಿ ತೆಗೆದು ಬಗ್ಗಿಯೂ ನೋಡಿದೆ. ಅದು ಎರಡನೇ ಮಹಡಿ. ಗೋಡೆಯಾಚೆ ಕಾಲಿಡೋಕೂ ಜಾಗ ಇಲ್ಲ.